ಸಣ್ಣ ಬೋಲ್ಟಿಗೆ ಎಷ್ಟು ಬಿಗಿ? ಟಾರ್ಕ್ ರೆಂಚ್ ಕೊಳ್ಳುವ ಮುನ್ನ

ಎರಡು ವರ್ಷದ ಹಿಂದೆ ಮನೆಯಲ್ಲೇ ಬೈಕಿನ ಕ್ಲಚ್ ಕವರ್ ಬಿಚ್ಚಿ, ಮತ್ತೆ ಕೂರಿಸುತ್ತಿದ್ದೆ. ಕೊನೆಯ ಬೋಲ್ಟಿಗೆ ‘ಇನ್ನೊಂಚೂರು ಇರಲಿ’ ಎಂದು ಸ್ಪ್ಯಾನರ್ ತಿರುಗಿಸಿದೆ. ಬಿಗಿಯಾಗುತ್ತಿದ್ದ ಕೈಗೆ ಇದ್ದಕ್ಕಿದ್ದಂತೆ ಏನೂ ತಡೆಯೇ ಸಿಗಲಿಲ್ಲ. ಬೋಲ್ಟು ಹೊರತೆಗೆದರೆ ಅದರ ಥ್ರೆಡ್ಡಿಗೆ ಅಲ್ಯೂಮಿನಿಯಂನ ತೆಳುವಾದ ಸುರುಳಿಯೊಂದು ಸುತ್ತಿಕೊಂಡು ಬಂತು. ಎಂಜಿನ್ ಮೈಯ ಥ್ರೆಡ್ ಅದು. ಹೆಲಿಕಾಯಿಲ್ ಎಂಬ ತಂತಿಸುರುಳಿಯ ಹೊಸ ಥ್ರೆಡ್ ಹಾಕಿಸಿ ಸರಿಮಾಡಿಸಬೇಕಾಯಿತು. ಆ ಬೋಲ್ಟಿಗೆ ಬೇಕಿದ್ದ ಟಾರ್ಕ್, ಅಂದರೆ ತಿರುಚುವ ಬಲ, 10 ನ್ಯೂಟನ್ ಮೀಟರ್ (ಎನ್‌ಎಂ) ಮಾತ್ರ. ಬೇಕಾದಷ್ಟು ಬಲ ಬಿದ್ದದ್ದನ್ನು ತಿಳಿಸುವ ಸ್ಪ್ಯಾನರೇ ಟಾರ್ಕ್ ರೆಂಚ್.

ಬೋಲ್ಟು ಒಂದು ಬಗೆಯ ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಹಿಡಿದಿಡುವುದು. ನಾವು ಹಾಕುವ ಬಲದಲ್ಲಿ ಸುಮಾರು ಶೇ 90ರಷ್ಟು ಬೋಲ್ಟಿನ ತಲೆಯಡಿ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗುತ್ತದೆ. ಹಾಗಾಗಿ ಒಣ ಬೋಲ್ಟಿಗೆ ಹೇಳಿರುವ ಟಾರ್ಕನ್ನು ಎಣ್ಣೆ ಸವರಿದ ಬೋಲ್ಟಿಗೆ ಕೊಟ್ಟರೆ ಅದು ವಿಪರೀತ ಹಿಗ್ಗುತ್ತದೆ. ಕೈಯ ಅಂದಾಜು ಸೋಲುವುದೂ ಇಲ್ಲಿಯೇ.

ಮೊದಲು ಪಟ್ಟಿ, ಆಮೇಲೆ ಅಂಗಡಿ

ನೀವು ನಿಜವಾಗಿ ಬಿಚ್ಚುವ ಬೋಲ್ಟುಗಳನ್ನು ಮ್ಯಾನುಯಲ್ ನೋಡಿ ಬರೆದುಕೊಳ್ಳಿ. ಸೈಕಲ್ಲಿನ ಹ್ಯಾಂಡಲ್ ಹಿಡಿಯುವ ಸ್ಟೆಮ್ ಮೇಲೆ, ಬೋಲ್ಟಿನ ಪಕ್ಕ, ಹೆಚ್ಚಾಗಿ 5 ಎನ್‌ಎಂ ಎಂದೇ ಅಚ್ಚಾಗಿರುತ್ತದೆ. ಸೈಕಲ್ ಭಾಗ ಮಾಡುವ ಶಿಮಾನೊ ಕಂಪನಿಯ ಆರು ಬೋಲ್ಟಿನ ಬ್ರೇಕ್ ಡಿಸ್ಕ್‌ಗೆ 2ರಿಂದ 4, ಪೆಡಲ್ ಕೂರುವ ಹಾಲೋಟೆಕ್ 2 ಕ್ರ್ಯಾಂಕಿನ ಬೋಲ್ಟುಗಳಿಗೆ 12ರಿಂದ 14. ಬೈಕಿನ ಎಂ6 (6 ಮಿ.ಮೀ. ದಪ್ಪದ) ಬೋಲ್ಟುಗಳಿಗೆ ಸಾಮಾನ್ಯವಾಗಿ 10ರ ಆಸುಪಾಸು. ಅಳತೆಯ ಮಾನವನ್ನೂ ಗಮನಿಸಿ. ಹಳೆಯ ಮ್ಯಾನುಯಲ್‌ಗಳಲ್ಲಿ ಕೆಜಿ-ಮೀಟರ್ ಇರುತ್ತದೆ. 1 ಕೆಜಿ-ಮೀಟರ್ ಎಂದರೆ 9.81 ಎನ್‌ಎಂ. ರೆಂಚಿನ ಮೇಲೆ ಫುಟ್-ಪೌಂಡ್ ಸಾಲೂ ಇರುತ್ತದೆ. ತಪ್ಪಿ ಆ ಸಾಲಿನ 10ಕ್ಕೆ ಇಟ್ಟರೆ ಬೋಲ್ಟಿಗೆ ಬೀಳುವುದು 13.6 ಎನ್‌ಎಂ.

ಈಗ ರೆಂಚು. ಎಲ್ಲರೂ ಎಡವುವುದು ದೊಡ್ಡದನ್ನು ಕೊಂಡು. ಕಾರಿನ ಚಕ್ರಕ್ಕೆಂದು ಮಾಡಿದ ಅರ್ಧ ಇಂಚಿನ (ಸಾಕೆಟ್ ಕೂರುವ ಚೌಕದ ಅಳತೆ) ರೆಂಚು ಅಗ್ಗವಾಗಿ ಸಿಗುತ್ತದೆ, ಆದರೆ ಸಣ್ಣ ಬೋಲ್ಟಿಗೆ ಅದು ಬೇಡವೇ ಬೇಡ. ಟಾರ್ಕ್ ರೆಂಚುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6789ರ ನಿಖರತೆ ಅನ್ವಯಿಸುವುದು ರೆಂಚಿನ ಗರಿಷ್ಠ ಅಳತೆಯ ಶೇ 20ರಿಂದ ಮೇಲಕ್ಕೆ. 100 ಎನ್‌ಎಂ ರೆಂಚಾದರೆ 20ರ ಕೆಳಗೆ ಅದನ್ನು ನಂಬುವಂತಿಲ್ಲ. ಕಾಲು ಇಂಚಿನ, 5ರಿಂದ 25 ಎನ್‌ಎಂ ರೆಂಚು ಬೈಕಿಗೆ ಚೆನ್ನಾಗಿ ಒಗ್ಗುತ್ತದೆ. ಸೈಕಲ್ಲೇ ಮುಖ್ಯವಾದರೆ 2ರಿಂದ 14ರ ತನಕ ಅಳೆಯುವ ರೆಂಚು ಒಳ್ಳೆಯದು, ಏಕೆಂದರೆ 5 ಎನ್‌ಎಂ ಎಂಬುದು 25ರ ರೆಂಚಿಗೆ ಅಂಚಿನಲ್ಲಿ ನಿಲ್ಲುತ್ತದೆ.

ಬಗೆಗಳಲ್ಲಿ ನನ್ನ ಒಲವು, ದುಡ್ಡು ಕಡಿಮೆಯಿದ್ದವರಿಗೆ, ಮುಳ್ಳು ತೋರಿಸುವ ಬೀಮ್ ರೆಂಚಿನ ಕಡೆಗೆ. ಒಳಗೆ ಸವೆಯುವ ಸ್ಪ್ರಿಂಗ್ ಇಲ್ಲ. ಮುಳ್ಳು ಸೊನ್ನೆಯಿಂದ ಸರಿದರೆ ಕಣ್ಣಿಗೇ ಕಾಣುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಮುಳ್ಳನ್ನು ಓದುವುದು ಕಷ್ಟ, ಅಲ್ಲಿ, ಇಟ್ಟ ಅಳತೆ ಮುಟ್ಟಿದಾಗ ‘ಕ್ಲಿಕ್’ ಎನ್ನುವ ಕ್ಲಿಕ್ ರೆಂಚು ಮೇಲು. ಆದರೆ 5 ಎನ್‌ಎಂನಲ್ಲಿ ಆ ಕ್ಲಿಕ್ ತೀರಾ ಮೆತ್ತಗೆ, ಪೆನ್ನಿನ ಗುಂಡಿ ಒತ್ತಿದಷ್ಟೇ. ಬೀದಿಯ ಸದ್ದಿನಲ್ಲಿ ಕೇಳಿಸದೆ ಮುಂದಕ್ಕೆ ಎಳೆದುಬಿಡುತ್ತೀರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಜೆ.ಸಿ. ರಸ್ತೆಯಲ್ಲೋ ಕೊಳ್ಳುವಿರಾದರೆ, ಅತಿ ಕಡಿಮೆ ಅಳತೆಗಿಟ್ಟು ಅಂಗಡಿಯಲ್ಲೇ ನಾಲ್ಕೈದು ಸಲ ಕ್ಲಿಕ್ ಮಾಡಿ ನೋಡಿ. ಕೈಗೆ ತಿಳಿಯದಿದ್ದರೆ ಬೇರೆಯದನ್ನು ಕೇಳಿ. ಡಿಜಿಟಲ್ ರೆಂಚು ಚೆನ್ನ, ಮನೆಗೆಲಸಕ್ಕೆ ಅಗತ್ಯವಿಲ್ಲ.

ಮನೆಗೆ ತಂದ ಮೇಲೆ

ಕ್ಲಿಕ್ ರೆಂಚು ಸರಿಯಿದೆಯೇ ಎಂದು ನೋಡಲು ಪ್ರಯಾಣದ ಬ್ಯಾಗು ತೂಗುವ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ವೈಸ್‌ನಲ್ಲಿ ಒಂದು ಬೋಲ್ಟನ್ನು ತಲೆ ಮೇಲಾಗುವಂತೆ ನೆಟ್ಟಗೆ ಬಿಗಿದು, ಸಾಕೆಟ್ಟಿನೊಂದಿಗೆ ರೆಂಚನ್ನು ಅದರ ಮೇಲೆ ಅಡ್ಡಡ್ಡ ಕೂರಿಸಿ. ಬೋಲ್ಟಿನ ನಡುವಿನಿಂದ ಹಿಡಿಯ ನಡುಭಾಗಕ್ಕೆ ಎಷ್ಟು ದೂರ ಅಳೆಯಿರಿ; 20 ಸೆಂ.ಮೀ. ಎನ್ನೋಣ. ರೆಂಚನ್ನು 10 ಎನ್‌ಎಂಗಿಟ್ಟು, ಹಿಡಿಗೆ ದಾರದ ಕುಣಿಕೆ ಹಾಕಿ, ತಕ್ಕಡಿಯ ಕೊಕ್ಕೆಯಿಂದ ನೆಲಕ್ಕೆ ಸಮಾನಾಂತರವಾಗಿ, ರೆಂಚಿಗೆ ಲಂಬವಾಗಿ, ನಿಧಾನಕ್ಕೆ ಎಳೆಯಿರಿ. 5.1 ಕೆ.ಜಿ.ಯ ಹತ್ತಿರ ಕ್ಲಿಕ್ ಆಗಬೇಕು. ದೂರ ಬೇರೆಯಾದರೆ ಲೆಕ್ಕ ಹೀಗೆ: ಕೆ.ಜಿ., 9.81 ಮತ್ತು ಮೀಟರಿನಲ್ಲಿ ದೂರ, ಮೂರನ್ನೂ ಗುಣಿಸಿ. ಐದಾರು ಸಲ ಎಳೆದು ನೋಡಿ. ಒಂದೊಂದು ಸಲಕ್ಕೂ ಒಂದೊಂದು ತೂಕ ಬಂದರೆ ಬಿಲ್ಲಿನೊಂದಿಗೆ ವಾಪಸು ಕೊಡಿ.

ಬಳಸುವಾಗ ಹಿಡಿಯ ನಡುವನ್ನೇ ಹಿಡಿದು ಒಂದೇ ಸಮನೆ ಎಳೆಯಿರಿ. ಕ್ಲಿಕ್ ಆದ ಕೂಡಲೇ ನಿಲ್ಲಿಸಿ. ಖಾತ್ರಿಗೆಂದು ಇನ್ನೊಂದು ಕ್ಲಿಕ್ ಬೇಡ. ಬೋಲ್ಟು ಬಿಚ್ಚಲು ಈ ರೆಂಚನ್ನು ಮುಟ್ಟಬೇಡಿ, ಅದಕ್ಕೆ ಮಾಮೂಲಿ ಸ್ಪ್ಯಾನರ್ ಇದೆ. ಕೆಲಸ ಮುಗಿದ ಮೇಲೆ ಅಳತೆಯನ್ನು ಸ್ಕೇಲಿನ ಅತಿ ಕೆಳಗಿನ ಗುರುತಿಗೆ ತಂದಿಡಿ, ಅದಕ್ಕೂ ಕೆಳಗೆ ಸಡಿಲಿಸಬೇಡಿ. ಗ್ಯಾರೇಜಿನಲ್ಲಿ ದಿನವೂ ದುಡಿಯುವ ರೆಂಚಾದರೆ 12 ತಿಂಗಳಿಗೋ 5,000 ಬಳಕೆಗೋ, ಯಾವುದು ಮೊದಲೋ ಆಗ, ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಆಗಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅದನ್ನು ಮಾಡುವ ಲ್ಯಾಬುಗಳಿವೆ. ದರ ಮೊದಲೇ ಕೇಳಿ: ಅಗ್ಗದ ರೆಂಚಿನ ಬೆಲೆಯ ಹತ್ತಿರಕ್ಕೇ ಬರುವುದಾದರೆ, ವರ್ಷಕ್ಕೊಮ್ಮೆ ತಕ್ಕಡಿಯ ಪರೀಕ್ಷೆಯನ್ನೇ ಮತ್ತೆ ಮಾಡಿಕೊಳ್ಳಿ.