ಮರೀನ್ (ಉಪ್ಪುನೀರಿನ ಮೀನಿನ) ಟ್ಯಾಂಕಲ್ಲಿ ನೈಟ್ರೇಟ್ ಇಳೀತಾನೇ ಇರ್ಲಿಲ್ಲ, ಸರಿ ಮಾಡಿದ್ದು ಹೀಗೆ
2 ಅಡಿ ಟ್ಯಾಂಕ್, 60 ಲೀಟರ್, ಎರಡು ಕ್ಲೌನ್ ಮೀನು, ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡೋ ಮುಚ್ಚಿದ ಡಬ್ಬಿ ಫಿಲ್ಟರ್). ನೈಟ್ರೇಟ್ (ಮೀನಿನ ಗಲೀಜಿಂದ ನೀರಲ್ಲಿ ಸೇರಿ ಪಾಚಿ ಬೆಳೆಸೋ ಅಂಶ) ಯಾವಾಗ ನೋಡಿದ್ರೂ 80 ಪಿಪಿಎಂ (ಲೀಟರಿಗೆ ಸುಮಾರು 80 ಮಿಲಿಗ್ರಾಂ), ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ, ಬೇಸಿಗೇಲಿ ನೀರು ಆರಿ ಉಪ್ಪಿನಂಶ ಬೇರೆ ಏರ್ತಿತ್ತು.

ವಾರಕ್ಕೆರಡು ಸಲ ನೀರು ಬದಲಾಯಿಸಿದೆ, ಲೈಟ್ 6 ಗಂಟೆಗೆ ಇಳಿಸಿದೆ, ಕ್ಯಾನಿಸ್ಟರಿಗೆ ಇನ್ನಷ್ಟು ಸೆರಾಮಿಕ್ ರಿಂಗ್ ತುಂಬ್ದೆ, ಯಾವ್ದೂ ಆಗ್ಲಿಲ್ಲ. ರಿಂಗಲ್ಲಿರೋ ಬ್ಯಾಕ್ಟೀರಿಯಾ ಅಮೋನಿಯಾನ ನೈಟ್ರೇಟ್ ಮಾಡುತ್ತೆ ಅಷ್ಟೇ, ಹೊರಗೆ ಹಾಕಲ್ಲ, ಮಧ್ಯೆ ಸಿಕ್ಕಿದ ಕಸ ಅಲ್ಲೇ ಕೊಳೀತಾ ಇರುತ್ತೆ.

ಕೊನೆಗೆ 4 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ, ಅಂದ್ರೆ ಸುಮಾರು 240 ಲೀಟರ್ ಟ್ಯಾಂಕ್ ಮಾಡಿಸಿ ಕೆಳಗೆ ಸಂಪ್ (ನೀರು ಸೋಸೋಕೆ ಇಡೋ ಇನ್ನೊಂದು ಟ್ಯಾಂಕ್) ಇಟ್ಟೆ. ಮೇಲಿಂದ ಬರೋ ನೀರು ಮೊದಲು ಫಿಲ್ಟರ್ ಸಾಕ್ಸ್ (ಕಸ ಹಿಡಿಯೋ ಬಟ್ಟೆ ಚೀಲ), ಆಮೇಲೆ ಪ್ರೋಟೀನ್ ಸ್ಕಿಮ್ಮರ್ (ಗಾಳಿ ಗುಳ್ಳೆಯಿಂದ ಗಲೀಜನ್ನ ನೊರೆ ಮಾಡಿ ತೆಗೆಯೋದು), ಆಮೇಲೆ ರಾತ್ರಿ ಲೈಟ್ ಉರಿಯೋ ಕೀಟೋ ಪಾಚಿ (ನೈಟ್ರೇಟ್ ಹೀರ್ಕೊಳ್ಳೋ, ಬೇಕಂತಲೇ ಬೆಳೆಸೋ ಪಾಚಿ) ಖಾನೆ, ಕೊನೇಲಿ ನೀರನ್ನ ಮೇಲಿನ ಟ್ಯಾಂಕಿಗೆ ವಾಪಸ್ ಕಳ್ಸೋ ಗಂಟೆಗೆ 1200 ಲೀಟರಿನ ರಿಟರ್ನ್ ಪಂಪ್, ಈ ಕ್ರಮ ಬದಲಾಯಿಸ್ಬೇಡಿ. ಸಾಕ್ಸ್ 3 ದಿನಕ್ಕೊಮ್ಮೆ ತೊಳೀಲೇಬೇಕು, ಬಿಟ್ರೆ ಅದೂ ಕ್ಯಾನಿಸ್ಟರ್ ಥರಾನೇ ಆಗುತ್ತೆ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಮರೀನ್ ಸಾಲ್ಟ್, ಸಾಂದ್ರತೆ 1.025, ಬಿಸಿ 26 ಡಿಗ್ರಿ. ಆವಿಯಾಗಿ ಕಮ್ಮಿಯಾದ ನೀರಿನ ಬದ್ಲು ಬರೀ ಆರ್‌ಒ ನೀರು ಹಾಕಿ, ಉಪ್ಪುನೀರಲ್ಲ, ಯಾಕಂದ್ರೆ ಉಪ್ಪು ಆರಿ ಹೋಗಲ್ಲ.

ರಿಟರ್ನ್ ಪೈಪಿಗೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು ಕೊರೀರಿ, ಇಲ್ಲಾಂದ್ರೆ ಕರೆಂಟ್ ಹೋದಾಗ ಟ್ಯಾಂಕ್ ನೀರು ವಾಪಸ್ ಹರಿದು ಸಂಪ್ ತುಂಬಿ ನೆಲಕ್ಕೆ ಬರುತ್ತೆ. ಹೊಸ ಟ್ಯಾಂಕಲ್ಲಿ ಅಮೋನಿಯಾ, ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗೋ ಮುಂಚಿನ ಹಂತ) ಎರಡೂ ಸೊನ್ನೆ ಆಗೋಕೆ ನನಗೆ 5 ವಾರ ಬೇಕಾಯ್ತು, ಆಮೇಲೇ ಮೀನು ಬಿಟ್ಟಿದ್ದು. ಈಗ ನೈಟ್ರೇಟ್ 10ರ ಹತ್ರ.