ಕಾಮಿಕ್ಸ್‌ನ ಖಳದೈತ್ಯನಿಗೆ ತೂಕ ಬರಿಸುವುದು

ದೈತ್ಯನನ್ನು ಬಿಡಿಸಲು ಕೂತರೆ ಕೈ ಮೊದಲು ಹೋಗುವುದು ಸ್ನಾಯುಗಳ ಕಡೆಗೆ. ಉಬ್ಬಿನ ಮೇಲೆ ಉಬ್ಬು, ನರದ ಮೇಲೆ ನರ ಎಳೆದರೂ ಅವನು ಗಾಳಿ ತುಂಬಿದ ಬೊಂಬೆಯಂತೆ ಕಾಣುತ್ತಾನೆ. ಅವನ ಬಲ ಓದುಗರಿಗೆ ಗೊತ್ತಾಗುವುದು ಅವನು ಎತ್ತಿದ, ಮುರಿದ, ತುಳಿದ ವಸ್ತುವಿನಿಂದ.

ಹಾಸನ ಜಿಲ್ಲೆಯವರಿಗೆ ಇದರ ಪಾಠ ಹತ್ತಿರದಲ್ಲೇ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ರಾವಣ ಕೈಲಾಸ ಎತ್ತುವ ಶಿಲ್ಪವನ್ನು ನೋಡಿ. ಮೇಲೆ ಶಿವ ಪಾರ್ವತಿ, ನಡುವೆ ಸಾಲುಸಾಲು ಜನ, ಪ್ರಾಣಿಗಳು, ಅಡಿಯಲ್ಲಿ ರಾವಣ. ಶಿಲ್ಪಿ ಬೆಟ್ಟವನ್ನು ಖಾಲಿ ಬಿಟ್ಟಿಲ್ಲ. ಅಲ್ಲಿ ತುಂಬಿದ ಒಂದೊಂದು ಜೀವದ ಭಾರವೂ ರಾವಣನ ಕೈಗೆ ಇಳಿಯುತ್ತದೆ. ನನ್ನ ಪುಟದಲ್ಲಿ ದೈತ್ಯ ಲಾರಿ ಎತ್ತುವುದಿದ್ದರೆ ಅದರಲ್ಲಿ ಕಾಫಿ ಮೂಟೆಗಳಿರುತ್ತವೆ, ಹಗ್ಗ ಬಿಗಿದಿರುತ್ತದೆ, ಅವನು ಹಿಡಿದ ಜಾಗದಲ್ಲಿ ತಗಡು ನಜ್ಜಾಗಿರುತ್ತದೆ.

ಮೈಯ ಅಳತೆಯನ್ನು ತಲೆಯ ಲೆಕ್ಕದಲ್ಲಿ ಇಡಬೇಕು. ಸಾಮಾನ್ಯ ಮನುಷ್ಯ ಸುಮಾರು ಏಳೂವರೆ ತಲೆ ಎತ್ತರ, ಕಾಮಿಕ್ಸ್ ನಾಯಕ ಎಂಟು, ಎಂಟೂವರೆ. ದೈತ್ಯನಿಗೆ ನಾನು ಹತ್ತು ಇಡುತ್ತೇನೆ: ತಲೆ ಚಿಕ್ಕದಾದಷ್ಟೂ ಮೈ ದೊಡ್ಡದಾಗಿ ಕಾಣುತ್ತದೆ. ಭುಜದ ಅಗಲ ಐದು ತಲೆ, ಮುಷ್ಟಿ ಒಂದು ತಲೆಯಷ್ಟು, ಬೆರಳ ತುದಿ ಮೊಣಕಾಲಿನವರೆಗೆ. ಕುತ್ತಿಗೆ ಕಾಣಿಸಬಾರದು, ತಲೆ ಭುಜಗಳ ನಡುವಿನಿಂದ ಮುಂದಕ್ಕೆ ಚಾಚಿರಲಿ. ಕೆಲಸ ಹೆಚ್ಚಾಗಿ ಕೆಡುವುದು ಪಾದದಲ್ಲಿ. ಸಣ್ಣ ಪಾದ ಕೊಟ್ಟರೆ ಮೇಲಿನ ಭಾರವೆಲ್ಲ ತೇಲುತ್ತದೆ. ಪಾದ ಅಗಲವಾಗಿ ಹರಡಲಿ, ಸುತ್ತಲ ಮಣ್ಣು ಉಬ್ಬಲಿ, ಹಿಮ್ಮಡಿಯ ಕೆಳಗೆ ದಟ್ಟ ಕಪ್ಪು ಇರಲಿ. ಮೂಳೆ ಎದ್ದ ಮೈ ಬೇಕಿದ್ದವರು ಇದೇ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಬೇತಾಳ ಶಿಲ್ಪಗಳ ಎದುರು ಸ್ಕೆಚ್ ಪುಸ್ತಕ ಹಿಡಿದು ಕೂರಬೇಕು. ಪಕ್ಕೆಲುಬನ್ನು ಅಷ್ಟು ಧೈರ್ಯವಾಗಿ ಕೆತ್ತಿರುವುದು ಅಪರೂಪ.

ಮುಂದಿನದು ನೆರಳುರೂಪದ ಪರೀಕ್ಷೆ. ಆಕೃತಿಯನ್ನು ಎರಡು ಸೆಂಟಿಮೀಟರಿಗೆ ಇಳಿಸಿ ಪೂರ್ತಿ ಕಪ್ಪು ತುಂಬಿ. ಗುರುತು ಸಿಗದಿದ್ದರೆ ವಿನ್ಯಾಸ ಬದಲಿಸಿ. ಸೂಪರ್‌ಮ್ಯಾನ್‌ನ ಎದುರಾಳಿಯಾಗಿ 1992ರಲ್ಲಿ ಬಂದ ಡೂಮ್ಸ್‌ಡೇಯನ್ನು ಮೈಯಿಂದ ಹೊರಚಾಚಿದ ಮೂಳೆಗಳೇ ಹೇಳಿಬಿಡುತ್ತವೆ. ಜೌಗಿನಿಂದ ಎದ್ದುಬರುವ ಡಿಸಿ ಕಾಮಿಕ್ಸ್‌ನ ಖಳ ಸಾಲೊಮನ್ ಗ್ರಂಡಿ 1944ರವನು. ಹೆಣದಂಥ ಬಿಳಿಚಿದ ಮೈ, ಹರಿದ ಕರಿ ಕೋಟು, ಅಷ್ಟೇ ಸಾಕಾಯಿತು.

ಮುರಿಯುವ ದೃಶ್ಯಕ್ಕೆ ಮೊದಲೇ ತಯಾರಿ ಬೇಕು. ಚಿಕ್ಕಮಗಳೂರಿನ ತೋಟದಲ್ಲಿ ಅವನು ಸಿಲ್ವರ್ ಓಕ್ ಮುರಿಯುತ್ತಾನೆ ಎಂದುಕೊಳ್ಳಿ. ಅದಕ್ಕೂ ಒಂದು ಪುಟ ಹಿಂದೆ ಅದೇ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವವರನ್ನು ತೋರಿಸಿ, ಎತ್ತರ ಓದುಗರ ಮನಸ್ಸಿನಲ್ಲಿ ಕೂರುತ್ತದೆ. ಆಮೇಲೆ ಮೂರು ಚೌಕಟ್ಟು ಸಾಕು: ಬೆರಳು ತೊಗಟೆಗೆ ಇಳಿಯುವುದು, ಮರ ಬಾಗಿ ಮೆಣಸಿನ ಬಳ್ಳಿ ಹರಿಯುವುದು, ಸೀಳಿದ ಬುಡ. ಹಸಿ ಮರ ಅಡ್ಡಕ್ಕೆ ನೀಟಾಗಿ ತುಂಡಾಗುವುದಿಲ್ಲ, ಉದ್ದಕ್ಕೆ ಸಿಗಿದು ನಾರು ಏಳುತ್ತದೆ. ಗರಗಸದಲ್ಲಿ ಕೊಯ್ದಂತೆ ಬಿಡಿಸಿದರೆ ಇಡೀ ಹೊಡೆತ ವ್ಯರ್ಥ. ಏಟು ತಾಗುವ ಕ್ಷಣವನ್ನು ನಾನು ಬಿಡಿಸುವುದಿಲ್ಲ; ಮೊದಲಿನದೂ ಆಮೇಲಿನದೂ ಸಿಕ್ಕರೆ ನಡುವಿನದನ್ನು ಓದುಗರೇ ತುಂಬಿಕೊಳ್ಳುತ್ತಾರೆ.

ಎ3 ಹಾಳೆಯಲ್ಲಿ ಬಿಡಿಸಿ ಎ4ಕ್ಕೆ ಇಳಿಸುವಾಗ ಗೆರೆ ಸುಮಾರು ಶೇ. 71ಕ್ಕೆ ಸಣ್ಣದಾಗುತ್ತದೆ. ಹಾಗಾಗಿ 0.1ರ ಸಣ್ಣ ಮೊನೆಯ ಪೆನ್ನು ದೂರದ ಹಿನ್ನೆಲೆಗೆ ಮಾತ್ರ, ದೈತ್ಯನ ಹೊರಗೆರೆಗೆ 0.8 ಅಥವಾ ಬ್ರಷ್. ಮಲೆನಾಡಿನ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಇಂಕು ಹರಡುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಳೆ ಇಡಿ, ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿ, ಆಮೇಲೆ ಇಂಕು ಹಾಕಿ. ಗೆರೆಚಿತ್ರವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಮುದ್ರಣಕ್ಕೆ ಹೋಗುವಾಗ ಗೆರೆಯೂ ಅಕ್ಷರವೂ ಕಪ್ಪು ಶಾಯಿಯೊಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆಸಿದರೆ ಪ್ಲೇಟು ಕೊಂಚ ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ.

ಮಾತಿನ ಗುಳ್ಳೆಯನ್ನು ಪೆನ್ಸಿಲ್ ಹಂತದಲ್ಲೇ ಗುರುತಿಸಿ. ಕನ್ನಡದ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ಅಂತರ ಅಕ್ಷರದಳತೆಯ ಶೇ. 140ರಷ್ಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಣಿತಕ್ಕೆ ತಗಲುತ್ತದೆ. ದೈತ್ಯನಿಗೆ ಒಂದು ಗುಳ್ಳೆಗೆ ಮೂರ್ನಾಲ್ಕು ಪದ ಸಾಕು.