ದ್ವೀಪ ದೇಶಕ್ಕೆ ಹಣ ಹೊಂದಿಸುವಾಗ ನಾನು ಹಾಕುವ ಲೆಕ್ಕ

ಪುಟ್ಟ ದ್ವೀಪ ದೇಶಗಳ ಸಾಲದ ಕಡತ ಕೈಗೆ ಬಂದಾಗ ನಾನು ಬಡ್ಡಿ ದರವನ್ನು ಕೊನೆಗೆ ನೋಡುತ್ತೇನೆ. ಹಣ ಯಾವ ಕರೆನ್ಸಿಯಲ್ಲಿ ಬರುತ್ತದೆ, ಯಾವ ತಿಂಗಳು ವಾಪಸು ಹೋಗಬೇಕು, ಬಂದ ದಿನ ಅದನ್ನು ಸರಿಯಾಗಿ ಬಳಸಬಲ್ಲವರು ತಯಾರಿದ್ದಾರೆಯೇ ಎನ್ನುವುದೇ ಮೊದಲ ಪ್ರಶ್ನೆ. ಇವಕ್ಕೆ ಉತ್ತರವಿಲ್ಲದೆ ಹೊರಟ ಯೋಜನೆ ಅಗ್ಗದ ಬಡ್ಡಿಗೆ ಸಿಕ್ಕ ಹಣದಲ್ಲೂ ಕುಂಟುತ್ತದೆ. ಇದನ್ನು ಹಿಂದೂ ಮಹಾಸಾಗರದ ಸೆಶೆಲ್ಸ್ ಲೆಕ್ಕ ಇಟ್ಟುಕೊಂಡೇ ವಿವರಿಸುತ್ತೇನೆ. ಅಲ್ಲಿನ ಅಂಕಿಗಳು ಬಹಿರಂಗವಾಗಿವೆ, ಯಾರು ಬೇಕಾದರೂ ಕೂಡಿ ಕಳೆದು ನೋಡಬಹುದು.

ಸೆಶೆಲ್ಸ್‌ನಲ್ಲಿರುವುದು 115 ದ್ವೀಪ, ಸುಮಾರು ಒಂದು ಲಕ್ಷ ಜನ, ಸುಮಾರು 455 ಚದರ ಕಿ.ಮೀ. ನೆಲ. ಅದರ ಹಕ್ಕಿನ ಕಡಲು ಮಾತ್ರ ಸುಮಾರು 13.5 ಲಕ್ಷ ಚದರ ಕಿ.ಮೀ. 2008ರಲ್ಲಿ ಈ ದೇಶ 23 ಕೋಟಿ ಡಾಲರ್‌ನ ಬಾಂಡ್ ಮೇಲಿನ ಪಾವತಿ ಕಟ್ಟಲಾಗದೆ ಕೈಚೆಲ್ಲಿತು. ಮರುವರ್ಷ ಸಾಲ ಕೊಟ್ಟ ಸರ್ಕಾರಗಳ ಕೂಟವಾದ ಪ್ಯಾರಿಸ್ ಕ್ಲಬ್‌ನ ದೇಶಗಳು ತಮಗೆ ಬರಬೇಕಿದ್ದ ಸಾಲದಲ್ಲಿ ಶೇ. 45 ಕಡಿತ ಮಾಡಿದವು. ತಲಾ ಆದಾಯದ ಲೆಕ್ಕದಲ್ಲಿ ಶ್ರೀಮಂತ ದೇಶಗಳ ಸಾಲಿಗೆ ಸೇರಿರುವುದರಿಂದ, ಬಡ ದೇಶಗಳಿಗೆ ವಿಶ್ವಬ್ಯಾಂಕ್ ಕೊಡುವ ಅಗ್ಗದ ಸಾಲ ಇದಕ್ಕಿಲ್ಲ. ಒಂದು ಚಂಡಮಾರುತಕ್ಕೆ ಅರ್ಧ ಆರ್ಥಿಕತೆ ಕೊಚ್ಚಿಹೋಗಬಹುದಾದ ದೇಶವನ್ನು ತಲಾ ಆದಾಯ ಒಂದರಿಂದಲೇ ಅಳೆಯುವುದು ಅನ್ಯಾಯ. ಅದಕ್ಕೇ ಪುಟ್ಟ ದ್ವೀಪ ದೇಶಗಳು ವರ್ಷಗಟ್ಟಲೆ ಹೋರಾಡಿ, 2024ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ವಿಪತ್ತಿನಂಥ ಅಪಾಯಗಳನ್ನೂ ಲೆಕ್ಕಕ್ಕೆ ಹಿಡಿಯುವ ಬಹು ಆಯಾಮದ ದುರ್ಬಲತೆಯ ಸೂಚ್ಯಂಕಕ್ಕೆ ಒಪ್ಪಿಗೆ ಪಡೆದವು. ಸಾಲ ಕೊಡುವವರು ಅದನ್ನು ಬಳಸಲೇಬೇಕೆಂಬ ಕಟ್ಟುಪಾಡಂತೂ ಇಲ್ಲ.

ನನ್ನ ಕೆಲಸ ಒಂದು ಉದ್ದನೆಯ ಹಾಳೆಯಿಂದ ಶುರುವಾಗುತ್ತದೆ. ಮುಂದಿನ 15 ವರ್ಷದ ಪ್ರತಿ ತಿಂಗಳಿಗೂ ಒಂದು ಕಾಲಂ. ಪ್ರತಿ ಸಾಲದ ಅಸಲು, ಬಡ್ಡಿ, ಕರೆನ್ಸಿ, ಸಾಲ ಕೊಟ್ಟವರು ಬೇರೆ ಬೇರೆ. ಅದರ ಕೆಳಗೆ ವಿದೇಶಿ ವಿನಿಮಯದ ಒಳಹರಿವು. ಸೆಶೆಲ್ಸ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಯೂರೋಪಿನವರು, ಡಬ್ಬಿಗಳಲ್ಲಿ ತುಂಬಿದ ಟ್ಯೂನಾ ಮೀನು ಹೆಚ್ಚಾಗಿ ಹೋಗುವುದೂ ಅಲ್ಲಿಗೇ. ಅಂದರೆ ಗಳಿಕೆಯ ದೊಡ್ಡ ಪಾಲು ಯೂರೋದಲ್ಲಿ, ಸಾಲ ಮಾತ್ರ ಡಾಲರ್‌ನಲ್ಲಿ. ಈ ಎರಡರ ನಡುವಿನ ವ್ಯತ್ಯಾಸವನ್ನು ಹಾಳೆಯಲ್ಲಿ ಪ್ರತ್ಯೇಕ ಅಡ್ಡಸಾಲಿನಲ್ಲಿ ಕಾಣಿಸಬೇಕು. ಆಮೇಲೆ ಒಂದು ಕೆಟ್ಟ ವರ್ಷವನ್ನು ಕಲ್ಪಿಸಿ ಇಡೀ ಹಾಳೆಯನ್ನು ಮತ್ತೆ ಓಡಿಸುತ್ತೇನೆ. 2020ರಲ್ಲಿ ಕಲ್ಪನೆಯೇ ಬೇಕಾಗಲಿಲ್ಲ: ವಿಮಾನ ನಿಂತವು, ಒಂದು ಡಾಲರ್‌ಗೆ ಸುಮಾರು 14 ಇದ್ದ ಸೆಶೆಲ್ಸ್ ರೂಪಾಯಿ ಅದೇ ವರ್ಷ 20 ದಾಟಿತು.

ಇನ್ನು ಸೆಶೆಲ್ಸ್‌ನ ನೀಲಿ ಬಾಂಡ್. ಕಡಲಿನ ಕೆಲಸಕ್ಕೆಂದೇ ಒಂದು ದೇಶ ಹೊರಡಿಸಿದ ಮೊದಲ ಬಾಂಡ್ ಇದು, 2018ರ ಅಕ್ಟೋಬರ್‌ನಲ್ಲಿ ಬಂತು. ಮೊತ್ತ 1.5 ಕೋಟಿ ಡಾಲರ್, ಅವಧಿ 10 ವರ್ಷ, ಬಡ್ಡಿ ಶೇ. 6.5. ಅಮೆರಿಕದ ಮೂರು ಹೂಡಿಕೆದಾರ ಸಂಸ್ಥೆಗಳು ತಲಾ 50 ಲಕ್ಷ ಡಾಲರ್‌ಗೆ ನೇರವಾಗಿ ಕೊಂಡವು. ಸಾರ್ವಜನಿಕ ಮಾರುಕಟ್ಟೆಗೆ ಯಾಕೆ ಹೋಗಲಿಲ್ಲ ಎಂದು ಹಲವರು ಕೇಳುತ್ತಾರೆ. ವಕೀಲರು, ಲೆಕ್ಕಪರಿಶೋಧನೆ, ದಾಖಲೆ ತಯಾರಿ ಸೇರಿ 5 ಲಕ್ಷ ಡಾಲರ್ ಖರ್ಚೆಂದು ಇಟ್ಟುಕೊಳ್ಳಿ. 50 ಕೋಟಿಯ ಬಾಂಡ್‌ಗೆ ಅದು ಶೇ. 0.1. 1.5 ಕೋಟಿಯ ಬಾಂಡ್‌ಗೆ ಅದೇ ಖರ್ಚು ಶೇ. 3.3. ಹತ್ತು ವರ್ಷಕ್ಕೆ ಹಂಚಿದರೆ ಬಡ್ಡಿಗೆ ವರ್ಷಕ್ಕೆ ಸುಮಾರು ಶೇ. 0.33 ಸೇರಿದಂತೆ. ಮೊತ್ತ ಚಿಕ್ಕದಾಯಿತೆಂದು ಈ ಖರ್ಚು ಕುಗ್ಗುವುದಿಲ್ಲ. ಆದ್ದರಿಂದ ಎರಡು ಕೋಟಿ ಡಾಲರ್‌ಗಿಂತ ಕಡಿಮೆಯಿದ್ದರೆ ಕೈಬೆರಳೆಣಿಕೆಯ ಹೂಡಿಕೆದಾರರ ಜೊತೆ ನೇರ ಮಾತುಕತೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಡ್ಡಿ ಇಳಿಸಿದ್ದು ಎರಡು ಬೇರೆ ಬೇರೆ ಊರುಗೋಲುಗಳು. ಇವನ್ನು ಒಂದೇ ಎಂದುಕೊಂಡರೆ ಲೆಕ್ಕ ಕೆಡುತ್ತದೆ. ವಿಶ್ವಬ್ಯಾಂಕ್ ಕೊಟ್ಟದ್ದು 50 ಲಕ್ಷ ಡಾಲರ್‌ನ ಭಾಗಶಃ ಖಾತರಿ: ದೇಶ ಕಟ್ಟದಿದ್ದರೆ ಅಷ್ಟರ ಮಟ್ಟಿಗೆ ಬ್ಯಾಂಕ್ ಕಟ್ಟುತ್ತದೆ, ಆಮೇಲೆ ದೇಶದಿಂದಲೇ ವಸೂಲಿ ಮಾಡುತ್ತದೆ. ಪರಿಸರ ಯೋಜನೆಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿಯಾದ ಜಾಗತಿಕ ಪರಿಸರ ಸೌಲಭ್ಯ ಕೊಟ್ಟ ಇನ್ನೊಂದು 50 ಲಕ್ಷ, ಬಡ್ಡಿಯ ಒಂದು ಭಾಗ ಕಟ್ಟಲು ಕೊಟ್ಟ ಮೃದು ಸಾಲ, ಅಂದರೆ ತೀರಾ ಕಡಿಮೆ ಬಡ್ಡಿಯ ಸಾಲ. ಪೂರ್ಣ ಬಡ್ಡಿ ವರ್ಷಕ್ಕೆ 9.75 ಲಕ್ಷ ಡಾಲರ್. ಈ ಮೃದು ಸಾಲ ಕಳೆದರೆ ಖಜಾನೆಯ ಪಾಲು ಸುಮಾರು ಶೇ. 2.8, ಅಂದರೆ 4.2 ಲಕ್ಷ ಡಾಲರ್‌ನ ಆಸುಪಾಸು. ವರದಿಗಳಲ್ಲಿ ಎಲ್ಲರೂ ಹೇಳುವುದು ಈ 2.8ನ್ನು. ಸಾಲದ ಪುಸ್ತಕದಲ್ಲಿ ಮಾತ್ರ ಪರಿಸರ ಸೌಲಭ್ಯದ 50 ಲಕ್ಷವನ್ನೂ ಬರೆಯಲೇಬೇಕು, ಅದನ್ನೂ ಒಂದು ದಿನ ತೀರಿಸಬೇಕು. ಕರೆನ್ಸಿಯ ಮಾತಿಗೆ ಮರಳಿದರೆ, ಡಾಲರ್‌ಗೆ 14 ಇದ್ದಾಗ ಆ 4.2 ಲಕ್ಷಕ್ಕೆ 58.8 ಲಕ್ಷ ರೂಪಾಯಿ ಬೇಕು, 20 ಆದಾಗ 84 ಲಕ್ಷ. ಬಡ್ಡಿಯ ರಿಯಾಯಿತಿ ನಿಂತಲ್ಲೇ ಇರುತ್ತದೆ, ಹೊರೆ ಮಾತ್ರ ಏರುತ್ತದೆ.

ಬಂದ ಹಣ ಎರಡು ದಾರಿ ಹಿಡಿಯಿತು. 30 ಲಕ್ಷ ಡಾಲರ್ ಅನುದಾನವಾಗಿ ಸೇಕ್ಯಾಟ್ ಎಂಬ ಪರಿಸರ ಸಂರಕ್ಷಣಾ ಟ್ರಸ್ಟ್ ಮೂಲಕ, 1.2 ಕೋಟಿ ಸಾಲವಾಗಿ ಸೆಶೆಲ್ಸ್ ಅಭಿವೃದ್ಧಿ ಬ್ಯಾಂಕ್ ಮೂಲಕ. ಅನುದಾನದ ದಾರಿ ಬೇಗ ತೆರೆಯಿತು, ಸಾಲದ ದಾರಿ ನಿಧಾನವಾಯಿತು. ಇದಕ್ಕೆ ಕಾರಣ ವ್ಯವಸ್ಥೆಯ ಒಳಗೇ ಇದೆ. ಸಾಲ ಹೋಗಬೇಕಾದದ್ದು ಮೀನಿನ ಸಂತತಿ ಬರಿದಾಗದಂತೆ ನಡೆಯುವ ಉದ್ಯಮಕ್ಕೆ. ಹಾಗೆ ನಡೆಯುತ್ತಿದೆ ಎಂದು ತೋರಿಸಲು ಮೊದಲು ಮೀನುಗಾರಿಕೆಯ ನಿರ್ವಹಣಾ ಯೋಜನೆ, ಹಿಡಿಯುವ ಮೀನಿನ ಮಿತಿ, ದೋಣಿಗಳ ನೋಂದಣಿ ಜಾರಿಯಲ್ಲಿರಬೇಕು. ಲಕ್ಷ ಜನರ ದೇಶದಲ್ಲಿ ಲೆಕ್ಕಪತ್ರ, ಅಡಮಾನ, ಯೋಜನಾ ವರದಿ ಮೂರೂ ಇರುವ ಸಂಸ್ಕರಣಾ ಉದ್ಯಮಗಳು ಎಷ್ಟಿದ್ದಾವು? ಸಾಲ ಕೇಳುವವರು ತಯಾರಾಗುವ ತನಕ ನಿಧಿ ಬ್ಯಾಂಕಿನಲ್ಲಿ ಕೂತಿರುತ್ತದೆ, ಬಾಂಡ್‌ನ ಬಡ್ಡಿ ಮಾತ್ರ ಮೊದಲ ವರ್ಷದಿಂದಲೇ ಓಡುತ್ತದೆ.

ಹೀಗಾಗಿ ನನ್ನ ಕೆಲಸದ ಕ್ರಮದಲ್ಲಿ ಬಾಂಡ್‌ನ ಸಹಿಗೆ ಮೊದಲು ಮೂರು ದಾಖಲೆ ಕೇಳುತ್ತೇನೆ. ಒಂದು, ಸಾಲ ಪಡೆಯಬಲ್ಲ ಉದ್ಯಮಗಳ ಪಟ್ಟಿ, ಪ್ರತಿಯೊಂದಕ್ಕೂ ಬೇಕಾದ ಮೊತ್ತ ಮತ್ತು ಅದರ ಅಡಮಾನದ ಸ್ಥಿತಿ. ಎರಡು, ಸಂಬಂಧಿಸಿದ ಕಾನೂನು ಅಥವಾ ನಿಯಮ ಯಾವ ಹಂತದಲ್ಲಿದೆ ಎಂಬ ಟಿಪ್ಪಣಿ. ಮೂರು, ಹಂತ ಹಂತವಾಗಿ ಹಣ ಎತ್ತುವ ವೇಳಾಪಟ್ಟಿ. ಪಟ್ಟಿಯಲ್ಲಿ ನಿಧಿಯ ಮೊದಲ ಮೂರನೇ ಒಂದು ಭಾಗಕ್ಕಾದರೂ ಗಟ್ಟಿ ಅರ್ಜಿಗಳು ಇಲ್ಲದಿದ್ದರೆ ಸಹಿಯನ್ನು ಮುಂದೂಡಿ ಎನ್ನುತ್ತೇನೆ. ಸುದ್ದಿಗೋಷ್ಠಿಯ ದಿನಾಂಕ ನಿಗದಿಯಾದ ಮೇಲೆ ಇದನ್ನು ಹೇಳಿದರೆ ಕೇಳುವವರು ಸಿಗುವುದಿಲ್ಲ, ಮೊದಲೇ ಹೇಳಬೇಕು.

ಬಾಂಡ್‌ಗೂ ಮುಂಚೆ ಸೆಶೆಲ್ಸ್ ಮಾಡಿದ್ದು ಸಾಲದ ಬದಲಾವಣೆ, ಅಂದರೆ ಹಳೆಯ ಸಾಲವನ್ನು ರಿಯಾಯಿತಿಗೆ ಕೊಂಡು ಪ್ರತಿಯಾಗಿ ಕಡಲ ರಕ್ಷಣೆಯ ಮಾತು ಕೊಡುವ ಏರ್ಪಾಡು. ಅಂಕಿ ನೋಡಿ: 2.16 ಕೋಟಿ ಡಾಲರ್ ಮುಖಬೆಲೆಯ ಸಾಲವನ್ನು 2.02 ಕೋಟಿಗೆ ಕೊಂಡರು. ಅದಕ್ಕೆ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹೊಂದಿಸಿದ್ದು 1.52 ಕೋಟಿ ಸಾಲ, 50 ಲಕ್ಷ ದೇಣಿಗೆ. ರಿಯಾಯಿತಿ ಬರೀ ಶೇ. 6.5ರಷ್ಟು. ಇದನ್ನು ಸಾಲಮನ್ನಾ ಎಂದು ಓದಿದವರಿಗೆ ನಿರಾಶೆಯಾಗುತ್ತದೆ. ನಿಜವಾದ ಲಾಭ ಇರುವುದು ಬೇರೆಡೆ: ಮರುಪಾವತಿಯ ಅವಧಿ ಉದ್ದವಾಯಿತು, ಒಂದು ಭಾಗವನ್ನು ಸ್ಥಳೀಯ ರೂಪಾಯಿಯಲ್ಲೇ ಕಟ್ಟಬಹುದಾಯಿತು, ವಿದೇಶಕ್ಕೆ ಹೋಗುತ್ತಿದ್ದ ಕಂತಿನ ಒಂದಂಶ ದೇಶದ ಸೇಕ್ಯಾಟ್ ಟ್ರಸ್ಟ್‌ಗೇ ಬರುವಂತಾಯಿತು. ಆ ಟ್ರಸ್ಟ್ 2015ರಲ್ಲಿ ಸಂಸತ್ತಿನ ಕಾಯ್ದೆಯಿಂದಲೇ ಹುಟ್ಟಿತು. ಆದೇಶದಿಂದ ಹುಟ್ಟಿದ ನಿಧಿಯನ್ನು ಮುಂದಿನ ಸರ್ಕಾರ ಇನ್ನೊಂದು ಆದೇಶದಿಂದ ಖಾಲಿ ಮಾಡಬಹುದು, ಕಾಯ್ದೆಗೆ ಅಷ್ಟು ಸುಲಭವಾಗಿ ಕೈಹಾಕಲಾಗದು. ಪ್ರತಿಯಾಗಿ ದೇಶ ಕೊಟ್ಟ ಮಾತು ಕಡಲಿನ ಶೇ. 30ಕ್ಕೆ ರಕ್ಷಣೆ, 2020ರ ಮಾರ್ಚ್‌ನಲ್ಲಿ ಅದು ಪೂರ್ತಿಯಾಯಿತು. ನಕ್ಷೆಯಲ್ಲಿ ಗೆರೆ ಎಳೆದಾದ ಮೇಲೆ ಕಾವಲು ದೋಣಿ, ಡೀಸೆಲ್, ಸಿಬ್ಬಂದಿಯ ಸಂಬಳ ಪ್ರತಿ ವರ್ಷವೂ ಬೇಕು. ಈ ಖರ್ಚನ್ನು ಒಪ್ಪಂದದ ಅನುಬಂಧದಲ್ಲೇ ವರ್ಷವಾರು ಬರೆಸಬೇಕು.

ರಿಯಾಯಿತಿ ದೊಡ್ಡದಾಗುವುದು ಬಾಂಡ್ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡಾಗ. ಮಧ್ಯ ಅಮೆರಿಕದ ಕಡಲ ತೀರದ ಬೆಲೀಜ್ 2021ರಲ್ಲಿ 55.3 ಕೋಟಿ ಡಾಲರ್‌ನ ತನ್ನ ಬಾಂಡನ್ನು ಡಾಲರ್‌ಗೆ 55 ಸೆಂಟ್‌ನಂತೆ ಮರಳಿ ಕೊಂಡಿತು. ಅದೇ ಲಾಭ ತಮಗೂ ಬೇಕೆನ್ನುವವರು ಮೊದಲು ತಮ್ಮ ಬಾಂಡ್‌ನ ಇವತ್ತಿನ ಬೆಲೆ ನೋಡಲಿ. ನೂರಕ್ಕೆ ತೊಂಬತ್ತರ ಮೇಲಿದ್ದರೆ ಈ ದಾರಿಯ ಖರ್ಚೇ ಲಾಭವನ್ನು ನುಂಗುತ್ತದೆ.

ವಿಪತ್ತು ಬಂದಾಗ ಕಂತು ಮುಂದೂಡಲು ಬಿಡುವ ಷರತ್ತಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕೆರಿಬಿಯನ್ ದ್ವೀಪ ದೇಶ ಗ್ರೆನಡಾ 2015ರ ಸಾಲ ಮರುಹೊಂದಾಣಿಕೆಯಲ್ಲಿ ಚಂಡಮಾರುತದ ಷರತ್ತು ಸೇರಿಸಿತು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಅಪ್ಪಳಿಸಿದಾಗ ಅದನ್ನು ಬಳಸಿ ಕಂತು ಮುಂದೂಡಿತು. ಕೆರಿಬಿಯನ್ ವಿಪತ್ತು ವಿಮಾ ನಿಧಿಯಿಂದ ಸುಮಾರು 4.4 ಕೋಟಿ ಡಾಲರ್ ಕೂಡ ಬಂತು. ಈ ವಿಮೆ ಬಿದ್ದ ಮನೆಗಳನ್ನು ಎಣಿಸುವುದಿಲ್ಲ. ಗಾಳಿಯ ವೇಗ, ಮಳೆಯ ಪ್ರಮಾಣದಿಂದ ನಷ್ಟವನ್ನು ಅಂದಾಜು ಮಾಡಿ ಹದಿನಾಲ್ಕು ದಿನದೊಳಗೆ ಹಣ ಕಳಿಸುತ್ತದೆ. ವೇಗವೇ ಅದರ ಗುಣ. ದೋಷವೂ ಅಲ್ಲೇ: ಅಂದಾಜು ನಿಗದಿತ ಮಿತಿ ಮುಟ್ಟದಿದ್ದರೆ ಊರೇ ಮುಳುಗಿದರೂ ಬಿಡಿಗಾಸು ಬಾರದು, ಕೊಂಡ ಪಾಲಿಸಿ ಸಣ್ಣದಾದರೆ ಹಣವೂ ಸಣ್ಣದೇ. 2015ರಲ್ಲಿ ಪ್ಯಾಮ್ ಚಂಡಮಾರುತ ವನುವಾಟುವಿಗೆ ಮಾಡಿದ ಹಾನಿ ಸುಮಾರು 45 ಕೋಟಿ ಡಾಲರ್, ಪೆಸಿಫಿಕ್ ವಿಮೆಯಿಂದ ಬಂದದ್ದು 19 ಲಕ್ಷ. ಆದ್ದರಿಂದ ಸಣ್ಣ ಹಾನಿಗೆ ಬಜೆಟ್‌ನ ಮೀಸಲು, ನಡುವಿನದಕ್ಕೆ ಕಂತು ಮುಂದೂಡುವ ಷರತ್ತು, ದೊಡ್ಡದಕ್ಕೆ ವಿಮೆ ಎಂದು ಹಂಚುತ್ತೇನೆ. ಷರತ್ತು ಬರೆಯುವಾಗ ಹಾನಿಯನ್ನು ಯಾರು ಅಳೆಯುತ್ತಾರೆ, ಎಷ್ಟು ದಿನದೊಳಗೆ ನೋಟಿಸು ಕೊಡಬೇಕು, ಮುಂದೂಡಿದ ಬಡ್ಡಿಗೆ ಬಡ್ಡಿ ಸೇರುತ್ತದೆಯೇ ಎಂಬ ಮೂರು ಸಾಲು ಸ್ಪಷ್ಟವಿರಬೇಕು. ನೋಟಿಸಿನ ಗಡುವು ಹದಿನೈದು ದಿನವೆಂದು ಬರೆದರೆ, ವಿದ್ಯುತ್ತೂ ಫೋನೂ ಇಲ್ಲದ ದ್ವೀಪದಲ್ಲಿ ಅದು ಕಳೆದೇ ಹೋಗುತ್ತದೆ.

ಸೆಶೆಲ್ಸ್ ಬಾಂಡ್‌ನ ಅಸಲು ಹಿಂತಿರುಗುವುದು ಕೊನೆಯ ಮೂರು ವರ್ಷಗಳಲ್ಲಿ, ಅಂದರೆ 2026, 2027, 2028ರಲ್ಲಿ ತಲಾ 50 ಲಕ್ಷ ಡಾಲರ್. ಸಾಲವಾಗಿ ಹೋದ 1.2 ಕೋಟಿ ಪೂರ್ತಿ ವಸೂಲಾದರೂ ಅನುದಾನದ 30 ಲಕ್ಷ ಎಂದೂ ಮರಳದು. ಅಷ್ಟನ್ನಾದರೂ ಖಜಾನೆಯೇ ಹೊಂದಿಸಬೇಕು. ವಸೂಲಾಗುವುದೂ ರೂಪಾಯಿಯಲ್ಲಿ. ಇಂಥ ಬಾಂಡ್ ಬರೆಯುವಾಗ ನಾನು ಸೂಚಿಸುವುದು ಇಷ್ಟು: ಎರಡನೆಯ ವರ್ಷದಿಂದಲೇ ಕೇಂದ್ರ ಬ್ಯಾಂಕಿನಲ್ಲಿ ಡಾಲರ್‌ನ ಪ್ರತ್ಯೇಕ ಖಾತೆ ತೆರೆದು, ಪ್ರವಾಸಿಗರು ಹೆಚ್ಚಿರುವ ತಿಂಗಳುಗಳಲ್ಲಿ ವಿದೇಶಿ ವಿನಿಮಯ ಸುಲಭವಾಗಿ ಸಿಗುವಾಗ ಅದಕ್ಕೆ ಹಣ ಹಾಕುತ್ತ ಹೋಗಬೇಕು, ಆ ಖಾತೆಯಲ್ಲಿರುವ ಮೊತ್ತವನ್ನು ಬಜೆಟ್ ಪುಸ್ತಕದಲ್ಲಿ ಪ್ರತಿ ವರ್ಷ ಅಚ್ಚು ಹಾಕಬೇಕು.